ಒಡ್ಡಿಯ ಬಾಗಿಲು ಹಾಕುವ ಮುನ್ನ

ಪುಟ್ಟಾ,

ನೀನು ಕಳಿಸಿದ ಶೆಡ್ಡಿನ ನಕ್ಷೆ ಮೊಬೈಲಿಗೆ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇನ್ನೂರು ಅಡಿ ಉದ್ದ, ಮೂವತ್ತು ಅಡಿ ಅಗಲ, ಐದು ಸಾವಿರ ಕೋಳಿ. ಕೆಳಗೆ ‘ಹೇಗಿದೆ ದೊಡ್ಡಮ್ಮ?’ ಎಂದು ಬೇರೆ ಕೇಳಿದ್ದೀಯ. ಫೋನಿನಲ್ಲಿ ಮಾತಾಡಿದರೆ ನನ್ನ ದನಿ ಏರುತ್ತದೆ, ನಿಮ್ಮಮ್ಮ ನೊಂದುಕೊಳ್ಳುತ್ತಾಳೆ. ಅದಕ್ಕೇ ಬರೆಯಲು ಕೂತೆ. ಕೆಲಸ ಬಿಟ್ಟು ಊರಿಗೆ ಮರಳಿದ ನಿನ್ನ ವಾರಗೆಯ ಹುಡುಗರು ಈಚೆಗೆ ಎಲ್ಲ ಊರಲ್ಲೂ ಸಿಗುತ್ತಾರೆ, ಅವರ ಕಣ್ಣಿಗೂ ಬೀಳಲಿ ಎಂದು ಪತ್ರಿಕೆಗೇ ಕೊಡುತ್ತಿದ್ದೇನೆ.

ಬೇಡ ಎನ್ನಲು ನಾನು ಯಾರು? ಜಾಗ ನಿನ್ನದು, ದುಡಿಯುವ ತೋಳು ನಿನ್ನದು. ನಾನು ಕಂಡದ್ದನ್ನು ಹೇಳುತ್ತೇನೆ, ತೂಗಿ ನೋಡುವುದು ನಿನಗೆ ಬಿಟ್ಟದ್ದು.

ಮದುವೆಯಾಗಿ ಕೊಪ್ಪದ ಹತ್ತಿರದ ಈ ಮನೆಗೆ ಬಂದಾಗ ನಿನ್ನ ಅಜ್ಜಿ ನನಗೆ ಮೊದಲು ಒಪ್ಪಿಸಿದ ಕೆಲಸ ಸಂಜೆ ಕೋಳಿ ಒಡ್ಡಿಯ ಬಾಗಿಲು ಹಾಕುವುದು. ಹಾಕುವ ಮುನ್ನ ಎಣಿಸಬೇಕು. ‘ಹದಿನಾರು ಬಂದಿದೆ ಅತ್ತೆ, ಒಂದು ಕಮ್ಮಿ’ ಎಂದರೆ ಅವರಿಗೆ ಸಾಲುತ್ತಿರಲಿಲ್ಲ. ‘ಯಾವುದು ಬಂದಿಲ್ಲ?’ ಎಂದು ಕೇಳುವರು. ಮೊದಲ ತಿಂಗಳು ಉತ್ತರ ಗೊತ್ತಿರದೆ ಸುಮ್ಮನೆ ನಿಲ್ಲುತ್ತಿದ್ದೆ. ಎರಡನೇ ತಿಂಗಳಿಗೆ ಬಾಗಿಲು ಹಾಕುವ ಹೊತ್ತಿನ ಕತ್ತಲಲ್ಲೂ ಗುರುತು ಹತ್ತತೊಡಗಿತು: ಕಿವಿಯ ಹತ್ತಿರ ಗರಿ ಉದುರಿದ್ದು, ಕುಂಟುವುದು, ಹಳದಿ ಕಾಲಿನ ಬೂದು ಹ್ಯಾಟೆ. ಆ ಹಳದಿ ಕಾಲು ಕಂಡಾಗೆಲ್ಲ ಅಜ್ಜಿ, ಅದರ ಹಿಂದಿನವರು ಯಾರೋ ಕಾಡಿನ ನೆಂಟಸ್ತಿಕೆ ಮಾಡಿರಬೇಕು ಎನ್ನುತ್ತಿದ್ದರು. ಸಾಕುಕೋಳಿಗೆ ಹಳದಿ ಚರ್ಮ ಬಂದದ್ದು ನಮ್ಮ ಘಟ್ಟದಲ್ಲೂ ಕೂಗುವ ಬೂದು ಕಾಡುಕೋಳಿಯಿಂದ ಎಂದು ವಿಜ್ಞಾನಿಗಳು 2008ರಲ್ಲಿ ಹೇಳಿದ್ದನ್ನು ನಾನು ಓದಿದಾಗ ಅಜ್ಜಿ ಬದುಕಿರಲಿಲ್ಲ.

ಕಾವಿಗೆ ಕೂರಿಸುವುದನ್ನೂ ಅವರೇ ಕಲಿಸಿದರು. ಮಂಕರಿಗೆ ಹುಲ್ಲು ಹಾಸಿ, ಹನ್ನೊಂದೋ ಹದಿಮೂರೋ ಮೊಟ್ಟೆ ಇಟ್ಟು, ಗುಡುಗಿಗೆ ಕೆಡಬಾರದೆಂದು ಪಕ್ಕದಲ್ಲೊಂದು ಕಬ್ಬಿಣದ ಚೂರು. ಏಳನೇ ದಿನ ದೀಪಕ್ಕೆ ಹಿಡಿದು ನೋಡಿದರೆ ಒಳಗೆ ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿರಬೇಕು. ಇಪ್ಪತ್ತೊಂದನೇ ದಿನ ಚಿಪ್ಪಿನೊಳಗಿಂದ ಕುಟ್ಟುವ ಸದ್ದು. ಆ ದಿನ ಅಜ್ಜಿ ಗದ್ದೆಗೆ ಹೋಗುತ್ತಲೇ ಇರಲಿಲ್ಲ.

ಈ ಮನೆಯಲ್ಲೇ, ಅವರ ಕಣ್ಣೆದುರೇ, 2004ರಲ್ಲಿ ನಿನ್ನ ದೊಡ್ಡಪ್ಪ ಶೆಡ್ ಕಟ್ಟಿಸಿದರು. ಎರಡು ಸಾವಿರ ಕೋಳಿಯದ್ದು. ಆಗಲೂ ಕಂಪನಿಯವರ ಮಾತು ಈಗ ನಿನಗೆ ಹೇಳಿದ್ದೇ: ಮರಿ ಕಂಪನಿಯದು, ತಿಂಡಿ ಕಂಪನಿಯದು, ಔಷಧ ಕಂಪನಿಯದು, ನೀವು ನಲವತ್ತು ದಿನ ಸಾಕಿಕೊಡಿ, ಕಿಲೋಗಿಷ್ಟು ಎಂದು ಸಾಕಾಣಿಕೆ ಕೂಲಿ ತೆಗೆದುಕೊಳ್ಳಿ. ಅದರಲ್ಲಿ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಶೆಡ್ಡಿನ ಸಾಲ, ಕರೆಂಟು, ನೀರು, ಭತ್ತದ ಹೊಟ್ಟು, ರಾತ್ರಿಯ ನಿದ್ದೆ. ಅವೆಲ್ಲ ನಮ್ಮ ಪಾಲಿನವು.

ಮೊದಲ ಎರಡು ಬ್ಯಾಚಿಗೆ ಒಳ್ಳೆಯ ದುಡ್ಡು ಬಂತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಕೊರಳಿನ ಸರ ಆ ದುಡ್ಡಿನದೇ. ಆದರೆ ದಿನಾ ಬೆಳಗ್ಗೆ ಎರಡೋ ಮೂರೋ ಸತ್ತಿರುತ್ತಿದ್ದವು. ಅದು ಲೆಕ್ಕದೊಳಗೇ ಇದೆ, ತಲೆ ಕೆಡಿಸಿಕೊಳ್ಳಬೇಡಿ ಎಂದ ಸೂಪರ್‌ವೈಸರ್. ಸತ್ತದ್ದನ್ನು ಎಣಿಸಿ ಗೋಡೆಯ ಕಾರ್ಡಿನಲ್ಲಿ ಬರೆಯುವ ಕೆಲಸ ನನಗೆ ಬಿತ್ತು. ಬದುಕಿದವನ್ನು ಎಣಿಸಿ ರೂಢಿಯಾಗಿದ್ದ ಕೈ ಪುಟ್ಟಾ, ಅದು. ಯಾವುದು ಸತ್ತಿತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನಲ್ಲಿ ಉತ್ತರ ಇರಲಿಲ್ಲ, ಎಲ್ಲವೂ ಬಿಳಿಯವೇ.

2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿತು. ನಮ್ಮ ಶೆಡ್ಡಿಗೆ ಅದರ ಗಾಳಿಯೂ ತಾಗಲಿಲ್ಲ. ಆದರೆ ಕೋಳಿ ತಿನ್ನುವವರೇ ಇಲ್ಲವಾದರು. ಬೆಳೆದ ಕೋಳಿ ಒಯ್ಯಲು ಲಾರಿ ಬರಲಿಲ್ಲ, ಆಮೇಲೆ ಹೊಸ ಮರಿ ತುಂಬಲೂ ಬರಲಿಲ್ಲ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಬಂತು. ಮೂರು ವರ್ಷ ಅಡಿಕೆ ತೋಟವನ್ನು ಚೇಣಿಗೆ ಕೊಟ್ಟು ಆ ಸಾಲ ತೀರಿಸಿದೆವು. ನಿಮ್ಮ ದೊಡ್ಡಪ್ಪ ಆಮೇಲೆ ಶೆಡ್ಡಿನ ಕಡೆಯ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟರು. ತೋಟಕ್ಕೆ ಸುತ್ತು ಹಾಕಿ ಹೋಗುತ್ತಿದ್ದರು.

ಆ ಶೆಡ್ಡಿನಿಂದ ಉಳಿದದ್ದು ಒಂದು ಸಿಮೆಂಟ್ ತೊಟ್ಟಿ. ಸೊಳ್ಳೆ ತುಂಬಿತ್ತು. ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಡಬ್ಬಿಯಲ್ಲಿ ಹತ್ತಿಪ್ಪತ್ತು ಗಪ್ಪಿ ಮೀನು ತಂದು ಬಿಟ್ಟಳು. ಕೋಲಾರ, ತುಮಕೂರು ಕಡೆಯ ಹಳ್ಳಿಬಾವಿಗಳಿಗೆ ಮಲೇರಿಯಾ ತಡೆಯಲು ಬಿಟ್ಟಿದ್ದರಲ್ಲ, ಅದೇ ಮೀನು. ರಜೆಗೆ ಬಂದ ನೀನು ಇಡೀ ಮಧ್ಯಾಹ್ನ ಅಲ್ಲೇ ಬೋರಲು ಬಿದ್ದಿರುತ್ತಿದ್ದೆ. ಗಪ್ಪಿ ಮೊಟ್ಟೆಯಿಡದೆ ಮರಿಯನ್ನೇ ಹಾಕುವುದನ್ನು ನೋಡಿ, ಅಡುಗೆಮನೆಗೆ ಓಡಿಬಂದು ನನ್ನ ಸೆರಗು ಹಿಡಿದು ಎಳೆದಿದ್ದೆ.

ದೊಡ್ಡವನಾದ ಮೇಲೆ ಗಾಜಿನ ತೊಟ್ಟಿ ಕೊಂಡೆ. ಒಂದೇ ದಿನ ಮೂವತ್ತು ಮೀನು ತಂದು ತುಂಬಿದೆ, ವಾರದಲ್ಲಿ ಎಲ್ಲವೂ ತೇಲಿದವು. ನನ್ನೆದುರು ಅತ್ತವನು ಆಮೇಲೆ ಓದಿ ತಿಳಿದುಕೊಂಡು ನನಗೇ ಪಾಠ ಹೇಳಿದ್ದು ಮರೆತೆಯಾ? ಮೀನಿನ ಹಿಕ್ಕೆಯಿಂದ ಅಮೋನಿಯಾ ಆಗುತ್ತದೆ. ಅದನ್ನು ತಿಂದು ನೀರನ್ನು ಹದಕ್ಕೆ ತರುವ ಸೂಕ್ಷ್ಮಜೀವಿಗಳು ಕಲ್ಲಿನ ಮೇಲೆ, ಸ್ಪಂಜಿನಲ್ಲಿ ಬೇರೂರಲು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಎರಡು ಮೂರಕ್ಕಿಂತ ಹೆಚ್ಚು ಬಿಡಬಾರದು. ತೊಟ್ಟಿಯನ್ನು ಪೂರ್ತಿ ತೊಳೆದರೆ ಮತ್ತೆ ಮೊದಲಿನಿಂದ. ‘ನೀರು ಎಷ್ಟನ್ನು ಹೊರುತ್ತದೋ ಅಷ್ಟೇ ದೊಡ್ಡಮ್ಮ’ ಎಂದಿದ್ದೆ. ಶೆಡ್ಡಿನಲ್ಲಿ ಒದ್ದೆ ಹೊಟ್ಟಿನಿಂದ ಎದ್ದು ಕಣ್ಣುರಿಸುತ್ತಿದ್ದದ್ದೂ ಅದೇ ಅಮೋನಿಯಾ ಕಣೋ. ಪರದೆ ಎತ್ತಿದ ಕೂಡಲೇ ಕಣ್ಣಲ್ಲಿ ನೀರು ಬರುತ್ತಿತ್ತು. ಐವತ್ತು ಲೀಟರಿನಲ್ಲಿ ಕಲಿತದ್ದನ್ನು ಐದು ಸಾವಿರ ಕೋಳಿಯ ನಕ್ಷೆ ನೋಡುವಾಗ ಎಲ್ಲಿಟ್ಟು ಬಂದೆ? ಓದಿದವನು ನೀನು. ಇಪ್ಪತ್ತೆರಡು ಕೋಳಿಗೆ ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸದೆ ಕಳೆದ ಬೇಸಿಗೆಯಲ್ಲಿ ಹದಿನಾಲ್ಕನ್ನು ಕೊಕ್ಕರೆ ರೋಗಕ್ಕೆ ಕೊಟ್ಟವನು! ಕುತ್ತಿಗೆ ತಿರುಚಿಕೊಂಡು ಬಿದ್ದವನ್ನು ಹಿತ್ತಲಲ್ಲಿ ಹೂತ ಮೇಲೆ ನಿನಗೆ ಹೊಳೆದದ್ದು ಇನ್ನೂ ದೊಡ್ಡದು ಮಾಡೋಣ ಎಂದೇ?

ಹೆಚ್ಚಾಯಿತು. ಸಿಟ್ಟಿನಲ್ಲಿ ಬಂದ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆ ಹದಿನಾಲ್ಕರಲ್ಲಿ ನಿನ್ನ ತಪ್ಪು ಅರ್ಧವೇ. ಲಸಿಕೆಯ ಸೀಸೆ ಬರುವುದೇ ನೂರು ಕೋಳಿಯ ಲೆಕ್ಕದಲ್ಲಿ, ಒಡೆದರೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಅಲ್ಲಿಯವರೆಗೆ ಐಸಿನಲ್ಲಿರಬೇಕು. ಇಪ್ಪತ್ತು ಕೋಳಿಯ ಮನೆಯವರು ಅದಕ್ಕೇ ಹಿಂಜರಿಯುತ್ತಾರೆ. ನಾವಿಲ್ಲಿ ಐದು ಮನೆಯವರು ಸೇರಿ ಒಂದೇ ದಿನ ಹಾಕಿಸುತ್ತೇವೆ. ಮರಿಗೆ ಮೊದಲ ವಾರ ಲಸೋಟ ಕಣ್ಣಿಗೊಂದು ಹನಿ, ಎಂಟನೇ ವಾರ ಆರ್‌ಟುಬಿ ಚುಚ್ಚುಮದ್ದು. ಹೀಗೆ ಮಾಡತೊಡಗಿದ ಮೇಲೆ ಆ ರೋಗ ನಮ್ಮ ಅಂಗಳಕ್ಕೆ ಕಾಲಿಟ್ಟಿಲ್ಲ. ನಿನ್ನ ಕೇರಿಯಲ್ಲೂ ನೀನೇ ಮುಂದೆ ನಿಂತು ಮಾಡಿಸು.

ಮನೆಯ ಕೋಳಿಗಳನ್ನು ನಲವತ್ತಕ್ಕೆ ಏರಿಸು, ನನ್ನ ಅಡ್ಡಿಯಿಲ್ಲ. ಹತ್ತು ಗಿರಿರಾಜ ಇರಲಿ, ಹೆಬ್ಬಾಳದಲ್ಲಿ ಬೆಳೆಸಿದ ತಳಿ. ನಾಟಿಗಿಂತ ಹೆಚ್ಚು ಮೊಟ್ಟೆಯಿಡುತ್ತದೆ, ಆದರೆ ಕಾವಿಗೆ ಕೂರುವ ಗುಣ ಅದಕ್ಕಿಲ್ಲ. ಅದರ ಮೊಟ್ಟೆ ನಾಟಿ ಹ್ಯಾಟೆಯ ಹೊಟ್ಟೆಯಡಿ ಇಡಬೇಕು. ನಾಟಿ ಮೊಟ್ಟೆಗೆ ಪೇಟೆಯಲ್ಲಿ ಫಾರಂ ಮೊಟ್ಟೆಗಿಂತ ಹೆಚ್ಚು ಬೆಲೆಯಿದೆ, ನಿನಗೂ ಗೊತ್ತು. ಅದರಿಂದ ಕಾರು ಬರುವುದಿಲ್ಲ, ನಿಜ. ನಿಮ್ಮಮ್ಮನ ಔಷಧ, ಕರೆಂಟ್ ಬಿಲ್ಲು, ಅಂಗಡಿಯ ಸಾಮಾನು ಇಷ್ಟಕ್ಕೆ ಬರುತ್ತದೆ. ಉಳಿದದ್ದನ್ನು ತೋಟ ನೋಡಿಕೊಳ್ಳಲಿ. ತೊಟ್ಟಿಯ ಗಪ್ಪಿ ಹೆಚ್ಚಾದರೆ ಕೇಳಿದವರಿಗೆ ಕೊಡು, ಹಳ್ಳಕ್ಕೆ ಮಾತ್ರ ಬಿಡಬೇಡ. ಎಲ್ಲಿಂದಲೋ ಬಂದ ಮೀನು ಅದು, ನಮ್ಮ ಹಳ್ಳದ ಸಣ್ಣ ಮೀನುಗಳ ಮರಿ ಉಳಿಸುವುದಿಲ್ಲ.

ಇಷ್ಟು ಹೇಳಿದ ಮೇಲೂ ಶೆಡ್ಡೇ ಬೇಕೆನಿಸಿದರೆ, ರುಜು ಹಾಕುವ ಮುನ್ನ ಆ ಕರಾರಿನ ಕಾಗದ ಹಿಡಿದು ಬಾ. ಇಬ್ಬರೂ ಕೂತು ಒಂದೊಂದು ಸಾಲು ಓದೋಣ. ಮರಿ ಬರದ ತಿಂಗಳು ಕಂತು ಯಾರು ಕಟ್ಟುತ್ತಾರೆ ಎನ್ನುವುದು ಅದರಲ್ಲಿ ಎಲ್ಲಿದೆ ಎಂದು ನನಗೆ ಬೆರಳಿಟ್ಟು ತೋರಿಸು.

ಬರುವಾಗ ಮಂಕರಿಯನ್ನೂ ತಾ. ನನ್ನ ಬೂದು ಹ್ಯಾಟೆ ಮೊನ್ನೆ ಸೋಮವಾರ ಕಾವಿಗೆ ಕೂತಿದೆ, ಹನ್ನೊಂದು ಮೊಟ್ಟೆ ಇಟ್ಟಿದ್ದೇನೆ. ಮರಿ ಸ್ವಲ್ಪ ಬಲಿತ ಮೇಲೆ ತಾಯಿಯ ಸಮೇತ ನಿನಗೇ.

ಇಂತಿ,
ನಿನ್ನ ದೊಡ್ಡಮ್ಮ