ಅಟ್ಟದ ಮೇಲಣ ಗಾಜು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಹಳೆಯ ಮನೆಯ ಅಟ್ಟವನ್ನು ಹತ್ತಿದರೆ, ಧೂಳು ಹಿಡಿದ ಸೀಮೆಎಣ್ಣೆಯ ದೀಪವೊಂದು ದೊರೆಯುವುದುಂಟು. 1908ರಲ್ಲಿ ಮೈಸೂರು ನಗರಕ್ಕೆ ವಿದ್ಯುದ್ದೀಪಗಳು ಬಂದುವು; ಹಳ್ಳಿಗಳಿಗಾದರೋ ಬಹುಕಾಲ ಇಂಥ ದೀಪಗಳೇ ಗತಿಯಾಗಿದ್ದುವು. ಪರದೇಶದ ಲಾಂದ್ರಗಳಿಗೆ ಎದುರಾಗಿ, ಸಾತಾರಾ ಜಿಲ್ಲೆಯಲ್ಲಿ 1916ರಲ್ಲಿ ಆರಂಭವಾದ ಓಗಲೆ ಗಾಜಿನ ಕಾರ್ಖಾನೆಯ ‘ಪ್ರಭಾಕರ’ ಲಾಂದ್ರವು ಹೆಸರುಗೊಂಡಿತು.

ಹಳೆಯ ಗಾಜನ್ನು ಪರೀಕ್ಷಿಸುವ ಬಗೆಯನ್ನು ನಾವು ಅರಿತಿರಬೇಕು. ಮರಳು, ಸೋಡಾ, ಸುಣ್ಣ ಇವುಗಳನ್ನು ಕರಗಿಸಿದರೆ ಗಾಜಾಗುವುದು. ಮರಳಿನಲ್ಲಿ ಕಬ್ಬಿಣದ ಅಂಶವಿದ್ದರೆ ಹಸುರು ಛಾಯೆ ತೋರುವುದು. ಅಚ್ಚಿನಲ್ಲಿ ಒತ್ತಿದ ಬಟ್ಟಲಿನ ಮೈಮೇಲೆ ಸಂದಿನ ಗೆರೆಯೂ, ಊದಿ ಮಾಡಿದ ಪಾತ್ರೆಯ ತಳದಲ್ಲಿ ಸಲಾಕೆ ಬಿಡಿಸಿದ ಗುರುತೂ ಅನೇಕ ವೇಳೆ ಕಾಣುವುವು.

ಒಮ್ಮೆ ನಾವು ಅಜ್ಜಿಯ ದೀಪದ ಚಿಮಣಿಯನ್ನು ಬೆಳಗಲೆಂದು ಕುದಿನೀರನ್ನು ಸುರಿದೆವು. ಅದು ಚಟ್ಟನೆ ಸೀಳಿಹೋಯಿತು. ಬಿಸಿ ತಾಗಿದ ಮೈ ಹಿಗ್ಗುವುದು, ತಾಗದ ಮೈ ಹಿಗ್ಗದು. ಈ ಎಳೆದಾಟವನ್ನು ಗಾಜು ತಾಳಲಾರದು. ಅಜ್ಜಿ ಗದರಲಿಲ್ಲ, ಚೂರುಗಳನ್ನು ಆಯುತ್ತ, “ಇದರ ಬೆಳಕಿನಲ್ಲಿ ನಿಮ್ಮ ತಾಯಿ ಅಕ್ಷರ ಕಲಿತಳು” ಎಂದಷ್ಟೇ ನುಡಿದರು.

ಆದುದರಿಂದ ಸೋದರಿಯರೇ, ಉಗುರುಬೆಚ್ಚನೆಯ ನೀರು, ಸ್ವಲ್ಪ ಸಾಬೂನು, ಮೆತ್ತನೆಯ ಬಟ್ಟೆ ಇಷ್ಟೇ ಸಾಕು. ತೊಳೆಯುವ ತೊಟ್ಟಿಯ ತಳದಲ್ಲಿ ದಪ್ಪ ಬಟ್ಟೆಯನ್ನು ಹಾಸಬೇಕು. ಒರೆಸಿದ ದೀಪವನ್ನು ಕಿಟಕಿಯ ಬಳಿ ಇರಿಸಿದರೆ ಬಿಸಿಲೇ ಅದಕ್ಕೆ ಎಣ್ಣೆಯಾಗುವುದು. ಹಳೆಯದನ್ನು ಗುಜರಿಗೆ ತೂಗಿಕೊಡುವ ಮುನ್ನ, ಅದರ ಬೆಳಕಿನಲ್ಲಿ ಓದಿದವರಾರೆಂದು ಮನೆಯ ಹಿರಿಯರನ್ನು ಕೇಳೋಣ.