ಕಟ್ ಅಂದ ಸದ್ದಿಗೆ ಕಿವಿಗೊಡು, ಮಗಾ

ಮಗಾ, ಮೊನ್ನೆ ನನ್ನನ್ನು ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಕರೆದುಕೊಂಡು ಹೋದೆಯಲ್ಲ, ದಾರಿಯುದ್ದಕ್ಕೂ ಗಾಡಿಯ ಹಿಂಬದಿಯಲ್ಲಿ ಕಟ್ ಕಟ್ ಅನ್ನುತ್ತಿತ್ತು. ನೀನು ಹಾಡಿನ ಸದ್ದು ಏರಿಸಿಬಿಟ್ಟೆ. ಅಲ್ಲೇ ಹೇಳಬೇಕೆಂದಿದ್ದ ಮಾತನ್ನು ಈಗ ಹೇಳುತ್ತೇನೆ.

ಊರೊಳಗಿನ ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತಿ ಇಳಿದಾಗ ಸದ್ದು ಇರಲಿಲ್ಲ. ಒಂದೇ ಚಕ್ರ ಗುಂಡಿಗೆ ಬಿದ್ದಾಗಲೆಲ್ಲ ಕಟ್ ಅಂದಿತು. ರೋಗದ ಗುರುತು ಅದರಲ್ಲೇ ಇದೆ. ಗಾಡಿಯಡಿ ಎಡಬಲದ ಚಕ್ರಗಳನ್ನು ಬೆಸೆಯುವ ಬಾಗಿದ ಉಕ್ಕಿನ ಸರಳು ಸ್ಟೆಬಿಲೈಸರ್ ಬಾರ್. ಎರಡು ರಬ್ಬರ್ ಬುಶ್‌ಗಳು ಅದನ್ನು ಕ್ಲ್ಯಾಂಪಿನೊಳಗೆ ಹಿಡಿದಿರುತ್ತವೆ. ಎರಡು ತುದಿಗೂ ಒಂದೊಂದು ಲಿಂಕ್ ರಾಡ್. ಚಕ್ರಗಳೆರಡೂ ಸಮನಾಗಿ ಏರಿಳಿದರೆ ಸರಳು ಸುಮ್ಮನೆ ಹೊರಳುತ್ತದೆ. ಒಂದು ಮಾತ್ರ ಎದ್ದರೆ ತಿರುಚಿಕೊಳ್ಳುತ್ತದೆ. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವುದು ಆ ತಿರುಚಿನ ಬಲವೇ. ಒಂದು ಕಡೆಯ ಲಿಂಕ್ ಮುರಿದರೂ ಸಾಕು, ಇಡೀ ಸರಳು ಇದ್ದೂ ಇಲ್ಲದಂತೆ.

ಬುಶ್ ಇಲ್ಲವೇ ಲಿಂಕ್ ಸವೆದರೆ, ಸರಳು ತಿರುಚಿಕೊಳ್ಳುವಾಗ ಕಟ್ ಅನ್ನುತ್ತದೆ. ನಮ್ಮ ಕಡೆ ಬುಶ್ ಬೇಗ ಸವೆಯುತ್ತದೆ. ಜೂನ್‌ನಿಂದ ನಾಲ್ಕು ತಿಂಗಳು ಕೆಸರು. ತೋಟದ ದಾರಿಯ ಸಣ್ಣ ಮರಳು ರಬ್ಬರಿಗೂ ಸರಳಿಗೂ ನಡುವೆ ಸೇರಿ ಉಜ್ಜುಕಾಗದದಂತೆ ಅರೆಯುತ್ತದೆ. ಅಂಥ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಇಳಿದರೆ, ಸ್ಟೇರಿಂಗ್ ತಿರುಗಿಸಿದ ಮೇಲೆ ಹಿಂಬದಿ ಒಂದು ಗಳಿಗೆ ತಡೆದು ವಾಲುತ್ತದೆ. ಮಂಜು ಕವಿದ ತಿರುವಿನಲ್ಲಿ ಆ ಒಂದು ಗಳಿಗೆ ಬೆಲೆಯುಳ್ಳದ್ದು.

ಬುಶ್, ಲಿಂಕ್ ಬದಲಿಸುವ ಕೆಲಸಕ್ಕೆ ಸಮತಟ್ಟು ಜಾಗ ಬೇಕು. ನಮ್ಮೂರಲ್ಲಿ ಅದಕ್ಕೆ ಕಾಫಿ ಕಣಕ್ಕಿಂತ ಒಳ್ಳೆಯದಿಲ್ಲ. ಕೊಯ್ಲಿಲ್ಲದ ದಿನ ಅಲ್ಲಿ ಗಾಡಿ ನಿಲ್ಲಿಸು. ಮುಂದಿನ ಚಕ್ರಗಳಿಗೆ ಕಲ್ಲು ಕೊಡು. ಜಾಕ್ ಮೇಲೆ ನಿಂತ ಗಾಡಿಯಡಿ ಎಂದೂ ತಲೆ ಹಾಕಬೇಡ, ಸ್ಟ್ಯಾಂಡ್ ಕೊಟ್ಟ ಮೇಲೇ ಹೋಗು. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡು.

ಹಿಂದಿನ ಎರಡೂ ಚಕ್ರಗಳನ್ನು ಒಂದೇ ಎತ್ತರಕ್ಕೆ ಎತ್ತು. ಇದನ್ನು ಮರೆಯಬೇಡ. ನಿನ್ನ ವಯಸ್ಸಿನಲ್ಲಿ ನಾನು ಅವಸರಕ್ಕೆ ಒಂದೇ ಕಡೆ ಎತ್ತಿ ಲಿಂಕ್ ಬಿಚ್ಚಿದೆ. ತಿರುಚಿಕೊಂಡಿದ್ದ ಸರಳು ರಪ್ಪನೆ ಚಿಮ್ಮಿ ಬೆರಳಿಗೆ ಬಡಿಯಿತು. ಉಗುರು ಹೋಯಿತು, ವಾರಗಟ್ಟಲೆ ಕೈಗೆ ಕೆಲಸ ಇರಲಿಲ್ಲ. ಎರಡು ಕಡೆಯೂ ಸಮನಾಗಿದ್ದರೆ ಸರಳಿನಲ್ಲಿ ಬಿಗುವೇ ಇರುವುದಿಲ್ಲ, ಲಿಂಕ್ ಕೈಯಲ್ಲೇ ಸಡಿಲವಾಗಿ ಬರುತ್ತದೆ.

ಹಳೆಯ ಬುಶ್ ತೆಗೆಯುವ ಮೊದಲು ಅದರ ಸೀಳು ಯಾವ ಕಡೆಗಿದೆ, ಚಪ್ಪಟೆ ಮುಖ ಎಲ್ಲಿದೆ ಎಂದು ನೋಡಿಕೋ. ಫೋಟೊ ತೆಗೆದಿಟ್ಟುಕೊಂಡರೂ ಆಯಿತು. ಸರಳನ್ನು ತಂತಿಬ್ರಷ್‌ನಿಂದ ಉಜ್ಜಿ, ಅದರ ದಪ್ಪ ಅಳೆದು, ಅದೇ ಅಳತೆಯ ಬುಶ್ ತಾ. ಒಂದು ಮಿಲಿಮೀಟರ್ ಸಡಿಲವಿದ್ದರೂ ಸದ್ದು ಮರಳಿ ಬರುತ್ತದೆ. ರಬ್ಬರಿಗೆ ಮಾಮೂಲಿ ಗ್ರೀಸ್, ಎಂಜಿನ್ ಆಯಿಲ್ ಹಚ್ಚಬೇಡ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೋಪುನೀರು ಸಾಕು. ಲಿಂಕ್ ನಟ್ಟು ತಿರುಗಿಸುವಾಗ ಬೋಲ್ಟೂ ಜೊತೆಗೆ ತಿರುಗಿದರೆ, ಅದರ ತುದಿಯನ್ನು ಅಲೆನ್ ಕೀಯಿಂದ ಹಿಡಿದುಕೋ. ನೈಲಾನ್ ಉಂಗುರದ ನಟ್ಟು ಒಮ್ಮೆ ಬಿಚ್ಚಿದರೆ ಹೊಸದೇ ಹಾಕು. ಒಂದು ಕಡೆಯದು ಮಾತ್ರ ಸವೆದಂತೆ ಕಂಡರೂ ಎರಡೂ ಕಡೆ ಬದಲಿಸು. ಇನ್ನೊಂದೂ ಅಷ್ಟೇ ದಾರಿ ಓಡಿದೆ. ಕೊನೆಯ ಬಿಗಿ ಗಾಡಿಯ ಭಾರ ಚಕ್ರದ ಮೇಲೆ ಕೂತ ಮೇಲೆ, ಗಾಡಿಯ ಪುಸ್ತಕ ಹೇಳಿದಷ್ಟೇ ಬಲದಲ್ಲಿ ಇರಲಿ. ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡು.

ಇಷ್ಟೂ ಅರ್ಧ ದಿನದ ಕೆಲಸ. ಕೈಯಲ್ಲಿ ಆಗದಿದ್ದರೆ ಗ್ಯಾರೇಜಿಗೆ ಕೊಡು, ಸಂಕೋಚ ಬೇಡ. ಆದರೆ ಸದ್ದು ಎಲ್ಲಿಂದ, ಯಾವಾಗ ಬರುತ್ತದೆ ಎಂದು ಅವರಿಗೆ ನೀನೇ ಹೇಳಬೇಕು. ದಿನಾ ಆ ಸೀಟಿನಲ್ಲಿ ಕೂರುವವನು ನೀನು.

ಗಾಡಿ ತನ್ನ ನೋವನ್ನು ಮೊದಲು ಮೆಲ್ಲಗೇ ಹೇಳುತ್ತದೆ, ಮಗಾ. ಈ ಭಾನುವಾರ ಅಮ್ಮನನ್ನು ಹೊರನಾಡಿಗೆ ಕರೆದುಕೊಂಡು ಹೋಗುವ ಮುಂಚೆ ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, ಒಂದು ಮೈಲಿ ಕೇಳಿಸಿಕೊಂಡು ಬಾ. ಸದ್ದಿದ್ದರೆ ಪ್ರಯಾಣವನ್ನು ಮುಂದಿನ ವಾರಕ್ಕೆ ಇಟ್ಟುಕೋ.