ಮಿತ ನೀರಿನಲ್ಲಿ ಮನೆಯ ಕೈತೋಟ

ಗರ್ಭಿಣಿಯರಿಗೂ ಬಾಣಂತಿಯರಿಗೂ ಎಳೆಯ ಮಕ್ಕಳಿಗೂ ಹಸಿರು ಸೊಪ್ಪು ಪ್ರತಿದಿನವೂ ಅವಶ್ಯಕ. ಅದರಲ್ಲಿರುವ ಕಬ್ಬಿಣದ ಅಂಶವು ರಕ್ತವೃದ್ಧಿಗೆ ನೆರವಾಗುತ್ತದೆ. 'ಎ' ಜೀವಸತ್ವವು ಇರುಳುಗುರುಡನ್ನು ತಡೆಯಲು ಸಹಾಯಕವಾಗುತ್ತದೆ. ಇಂತಹ ಸೊಪ್ಪನ್ನು ಹಿತ್ತಿಲಿನಲ್ಲಿಯೇ ಬೆಳೆದುಕೊಳ್ಳಬಹುದು. ಆದರೆ ಬೇಸಿಗೆ ಬಂದೊಡನೆ ಅನೇಕ ಕೈತೋಟಗಳು ಒಣಗಿಹೋಗುತ್ತವೆ. ನೀರಿನ ಅಭಾವವೊಂದೇ ಇದಕ್ಕೆ ಕಾರಣವಲ್ಲ. ಎಲ್ಲ ಗಿಡಗಳನ್ನೂ ಬೆರೆಸಿ ನೆಟ್ಟು, ಎಲ್ಲಕ್ಕೂ ಒಂದೇ ಸಮನಾಗಿ ನೀರೆರೆಯುವುದೂ ಕಾರಣವೇ.

15 ಲೀಟರ್ ನೀರು 15 ಕಿಲೋಗ್ರಾಂ ತೂಗುತ್ತದೆ. ಅಂತಹ 10 ಕೊಡಗಳನ್ನು ಹೊತ್ತರೆ ಒಂದೂವರೆ ಕ್ವಿಂಟಲ್ ಭಾರ ಹೊತ್ತಂತಾಯಿತು. ಈ ಭಾರವು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಗಿಡಗಳನ್ನು ಅವುಗಳಿಗೆ ಬೇಕಾದ ನೀರಿಗೆ ಅನುಗುಣವಾಗಿ ವಿಂಗಡಿಸಿ ನೆಡುವುದು ಲೇಸು.

1. ಸದಾ ತೇವವನ್ನು ಬಯಸುವ ಬಾಳೆ ಮತ್ತು ಕೆಸುವನ್ನು ಬಚ್ಚಲ ನೀರು ಹರಿಯುವ ಕಡೆ ನೆಡಿರಿ. ಇವುಗಳಿಗೆ ಬೇರೆ ನೀರು ಹೊರುವ ಶ್ರಮ ಬಹುಮಟ್ಟಿಗೆ ತಪ್ಪುತ್ತದೆ. ನೀರು ಮಡುಗಟ್ಟಿ ನಿಲ್ಲದಂತೆ ಕಾಲುವೆ ತೋಡಿರಿ. ನಿಂತ ನೀರಿನಲ್ಲಿ ಸೊಳ್ಳೆಗಳು ವೃದ್ಧಿಯಾಗುತ್ತವೆ.

2. ಹರಿವೆ, ಮೆಂತ್ಯ, ಪಾಲಕ್ ಸೊಪ್ಪುಗಳ ಬೇರು ಆಳಕ್ಕಿಳಿಯುವುದಿಲ್ಲ. ಇವುಗಳ ಮಡಿಯು ನೀರಿನ ತೊಟ್ಟಿಗೆ ಸಮೀಪದಲ್ಲಿರಲಿ. ಸ್ವಲ್ಪ ಸ್ವಲ್ಪವಾಗಿ, ಆಗಾಗ್ಗೆ ನೀರು ಚಿಮುಕಿಸಿರಿ. ಬಚ್ಚಲ ನೀರನ್ನು ಈ ಎಲೆಗಳ ಮೇಲೆ ಹಾಕಕೂಡದು.

3. ಬದನೆ, ಬೆಂಡೆ, ಮೆಣಸಿನ ಗಿಡಗಳು ಒಂದೇ ಸಾಲಿನಲ್ಲಿರಲಿ. ಬುಡದ ಮಣ್ಣಿನಲ್ಲಿ ಬೆರಳನ್ನು ಎರಡು ಅಂಗುಲ ಊರಿ ನೋಡಿರಿ. ತೇವವಿದ್ದಲ್ಲಿ ಆ ದಿನ ನೀರು ಬೇಡ.

4. ನುಗ್ಗೆ ಮತ್ತು ಕರಿಬೇವನ್ನು ಹಿತ್ತಿಲ ಅಂಚಿನಲ್ಲಿ ನೆಡಿರಿ. ಚೆನ್ನಾಗಿ ಬೇರೂರುವವರೆಗೆ ಪೋಷಿಸಿದರೆ, ತರುವಾಯ ಇವು ಅಲ್ಪ ನೀರಿನಲ್ಲಿಯೂ ಬದುಕುತ್ತವೆ. ಬಾವಿಯ ತಳ ಕಾಣುವ ದಿನಗಳಲ್ಲಿಯೂ ನುಗ್ಗೆಯ ಸೊಪ್ಪು ಕೈಬಿಡುವುದಿಲ್ಲ.

ಬೆಳಿಗ್ಗೆ ಅಥವಾ ಸಂಜೆ ನೀರೆರೆಯಿರಿ. ಬುಡಕ್ಕೆ ಒಣ ಎಲೆ ಇಲ್ಲವೆ ಹುಲ್ಲು ಹೊದಿಸಿದರೆ ತೇವ ಬೇಗ ಆರುವುದಿಲ್ಲ.

ತೋಟದ ಕೆಲಸವು ಪತಿಪತ್ನಿಯರಿಬ್ಬರದೂ ಹೌದು. ಪತ್ನಿಯು ಗರ್ಭಿಣಿಯಾಗಿರುವಾಗ ತುಂಬಿದ ಕೊಡವನ್ನು ಪತಿಯೇ ಹೊರಬೇಕು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣದ ಅಂಶವು ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಆದರೆ ಸೊಪ್ಪು ತಿನ್ನುತ್ತೇವೆಂದು ಕಬ್ಬಿಣಾಂಶದ ಮಾತ್ರೆಗಳನ್ನು ಬಿಡಕೂಡದು. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಅವುಗಳನ್ನು ಸೇವಿಸಬೇಕು. ಇವು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ.

ನೀರು ಮಿತವಾಗಿರಲಿ, ಶ್ರಮ ಹಂಚಿಕೆಯಾಗಲಿ. ಮನೆಯ ತಟ್ಟೆಯಲ್ಲಿ ವರ್ಷವಿಡೀ ಹಸಿರು ಇರಲಿ.